ದವಡೆ ಗೆಡ್ಡೆಗಳ ಲೆಕ್ಕ: ಎಣಿಸ್ತಿರೋದು ಬಾಟಲಿನಾ, ಜನರನ್ನಾ?

ದವಡೆ ಗೆಡ್ಡೆ ಯಾವ ದೇಶದ ಜನಕ್ಕೆ ಎಷ್ಟು ಬರುತ್ತೆ ಅನ್ನೋದರ ಬಗ್ಗೆ ಮೊನ್ನೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರಿ, ಅದಕ್ಕೇ ಇದು. ಆದಷ್ಟು ಆಡಿದ ಹಾಗೇ ಇಟ್ಟಿದೀನಿ. ಸ್ಲೈಡ್ ತೋರಿಸಿ ಮುಂದಕ್ಕೆ ಹೋದ ಕಡೆ ಮಾತ್ರ ಎರಡು ಮಾತು ಜಾಸ್ತಿ ಸೇರಿಸಿದೀನಿ, ಚಿತ್ರ ಇಲ್ಲದೆ ಅರ್ಥ ಆಗಲ್ಲ ಅನ್ನೋ ಕಾರಣಕ್ಕೆ.

ಒಂದು ಬಾಟಲಿಯಿಂದ ಶುರು ಮಾಡ್ತೀನಿ. ನಾನು ಬಾಯಿ ಮತ್ತು ದವಡೆ ರೋಗಗಳ ಪೆಥಾಲಜಿ ನೋಡೋಳು, ಅಂದ್ರೆ ಡಾಕ್ಟರು ಬಾಯಲ್ಲಿ ಕೊಯ್ದು ತೆಗೆದಿದ್ದು ನನ್ನ ಟೇಬಲ್ಲಿಗೆ ಬರುತ್ತೆ, ಕೆಡದ ಹಾಗೆ ಇಡೋ ಫಾರ್ಮಲಿನ್ ದ್ರವ ತುಂಬಿದ ಸಣ್ಣ ಬಾಟಲಿ, ಮೇಲೊಂದು ಲೇಬಲ್ಲು, ಜೊತೆಗೊಂದು ಫಾರ್ಮು. ದವಡೆಯಿಂದ ಬರೋ ಸಿಸ್ಟ್, ಅಂದ್ರೆ ನೀರು ತುಂಬಿದ ಚೀಲ, ಇರೋ ಬಾಟಲಿಗಳಲ್ಲಿ ಅತಿ ಹೆಚ್ಚು ಸಲ ಇರೋದು ಹುಳುಕು ಹಿಡಿದು ಒಳಗೇ ಸತ್ತ ಹಲ್ಲು, ಅದರ ಬೇರಿನ ತುದಿಗೆ ಗೋಲಿಯಷ್ಟು ದೊಡ್ಡ ಒಂದು ಚೀಲ ಅಂಟಿಕೊಂಡಿರುತ್ತೆ. ಬ್ಲೇಡ್ ಹಾಕಿ ಸೀಳಿದ್ರೆ ಒಣಹುಲ್ಲಿನ ಬಣ್ಣದ ನೀರು ಬರುತ್ತೆ, ಬೆಳಕಿಗೆ ಹಿಡಿದ್ರೆ ಅದರಲ್ಲಿ ಸಣ್ಣ ಸಣ್ಣ ಮಿಣುಕು ತೇಲ್ತಿರುತ್ತೆ, ಅದು ಕೊಲೆಸ್ಟ್ರಾಲ್ ಹರಳು. ಇದೇ ರ‍್ಯಾಡಿಕ್ಯುಲರ್ ಸಿಸ್ಟ್. ಹುಳುಕು ಹಲ್ಲು ಇರೋ ಕಡೆಯೆಲ್ಲ ಇದು ಇದ್ದೇ ಇರುತ್ತೆ, ಅಂದ್ರೆ ಜಗತ್ತಿನ ಎಲ್ಲ ಕಡೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 30 ವರ್ಷದ ಬಯಾಪ್ಸಿ ರೆಕಾರ್ಡು ತೆಗೆದು ನೋಡಿದ್ರು, ಹಲ್ಲಿನ ಮೂಲದಿಂದ ಬಂದ ಸಿಸ್ಟ್‌ಗಳು 7121, ಅದರಲ್ಲಿ ರ‍್ಯಾಡಿಕ್ಯುಲರ್ ನೂರಕ್ಕೆ 52, ಹುಟ್ಟದೆ ಒಳಗೇ ಉಳಿದ ಹಲ್ಲಿನ ತಲೆ ಸುತ್ತ ಬೆಳೆಯೋ ಡೆಂಟಿಜೆರಸ್ ಸಿಸ್ಟ್ 18, ಒಳಗೆ ಕೆರಾಟಿನ್ ಪೊರೆ ತುಂಬಿಕೊಳ್ಳೋ ಕೆರಾಟೊಸಿಸ್ಟ್ ಅನ್ನೋದು ಸುಮಾರು 12. ಬೇರೆ ಖಂಡಗಳ ಲೆಕ್ಕ ತೆಗೆದ್ರೂ ಮೊದಲ ಸ್ಥಾನ ಸಾಮಾನ್ಯವಾಗಿ ರ‍್ಯಾಡಿಕ್ಯುಲರ್‌ದೇ. ಹಾಗಾಗಿ ಸಿಸ್ಟ್‌ಗಳ ವಿಷಯದಲ್ಲಿ ಯಾವ ಜನಾಂಗಕ್ಕೆ ಯಾವುದು ಜಾಸ್ತಿ ಅಂತ ಅಂಥ ದೊಡ್ಡ ಜಗಳ ಇಲ್ಲ.

ಜಗಳ ಶುರುವಾಗೋದು ಟ್ಯೂಮರ್‌ಗೆ, ಅಂದ್ರೆ ಕೋಶಗಳೇ ಬೆಳೆದು ಆಗೋ ಗಂಟಿಗೆ, ಬಂದಾಗ.

ಅದಕ್ಕೆ ಮುಂಚೆ, ದವಡೆಯಲ್ಲೇ ಯಾಕಿಷ್ಟು ಗೆಡ್ಡೆ ಅಂತ ಒಂದು ಮಾತು. ಹಲ್ಲು ಹುಟ್ಟೋದು ಬಾಯಿ ಒಳಪದರ ಮೂಳೆಯೊಳಗೆ ಇಳಿದು, ಅಲ್ಲಿ ಎನಾಮಲ್ ಕಟ್ಟಿ, ಆಮೇಲೆ ಕರಗಿ ಹೋಗೋದ್ರಿಂದ. ಪೂರ್ತಿ ಕರಗಲ್ಲ. ಹಲ್ಲು ಕಟ್ಟಿದ ಕೆಲಸಗಾರ ಕೋಶಗಳ ಪುಟ್ಟ ಪುಟ್ಟ ಗುಂಪು ಬೇರಿನ ಸುತ್ತ, ಒಸಡಿನ ಒಳಗೆ ಜೀವನಪರ್ಯಂತ ಸುಮ್ಮನೆ ಕೂತಿರುತ್ತೆ, 1885ರಲ್ಲಿ ಫ್ರಾನ್ಸಿನ ಮಲಾಸೆ ಇವನ್ನ ವಿವರವಾಗಿ ಬರೆದ್ರು, ಇವತ್ತಿಗೂ ಅವರ ಹೆಸರಲ್ಲೇ ಕರೀತೀವಿ. ನಿಮಗೂ ಇದೆ, ನನಗೂ ಇದೆ. ಅವು ಎದ್ದು ಕೂತ್ರೆ ಸಿಸ್ಟ್ ಆಗಬಹುದು, ಅಂಥದ್ದೇ ಬೇರೆ ಉಳಿಕೆ ಕೋಶಗಳಿಂದ ಟ್ಯೂಮರ್ ಬರಬಹುದು.

ಈಗ ಎರಡು ಟ್ಯೂಮರ್ ಹೆಸರು ನೆನಪಿಟ್ಕೊಳ್ಳಿ, ಇವತ್ತಿನ ಮಾತೆಲ್ಲ ಇವೆರಡರ ಮಧ್ಯೆ ಓಡಾಡುತ್ತೆ. ಒಂದು ಒಡಾಂಟೋಮ, ಅಂದ್ರೆ ಹಲ್ಲಿನ ಪದಾರ್ಥಾನೇ ಅಡ್ಡಾದಿಡ್ಡಿ ಬೆಳೆದ ಗಂಟು, ಕೆಲವು ಸಲ ತೆರೆದು ನೋಡಿದ್ರೆ ಅಕ್ಕಪಕ್ಕ ಜೋಡಿಸಿಟ್ಟ ಹತ್ತಿಪ್ಪತ್ತು ಪುಟಾಣಿ ಹಲ್ಲು ಸಿಗುತ್ತೆ. ನೋವಿಲ್ಲ, ಒಂದು ಮಿತಿಗೆ ಬಂದು ನಿಂತುಹೋಗುತ್ತೆ, ತೆಗೆದ್ರೆ ಮುಗೀತು. ಇನ್ನೊಂದು ಅಮೆಲೋಬ್ಲಾಸ್ಟೋಮ. ಇದು ಕ್ಯಾನ್ಸರ್ ಅಲ್ಲ ಅಂತ ಪುಸ್ತಕ ಹೇಳುತ್ತೆ, ಆದ್ರೆ ನಿಲ್ಲೋದು ಗೊತ್ತಿಲ್ಲದ ಗೆಡ್ಡೆ. ಹತ್ತರಲ್ಲಿ ಎಂಟು ಸಲ ಕೆಳದವಡೆಯಲ್ಲಿ, ಜಾಸ್ತಿ ಹಿಂದಿನ ದವಡೆ ಹಲ್ಲಿನ ಹತ್ರ ಶುರುವಾಗಿ, ನಿಧಾನಕ್ಕೆ ವರ್ಷಗಟ್ಟಲೆ ಮೂಳೆಯನ್ನ ಒಳಗಿಂದ ತೆಳ್ಳಗೆ ಮಾಡ್ತಾ ಹೋಗುತ್ತೆ. ಅಂಥ ದವಡೆ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದ್ರೆ ಮೊಟ್ಟೆ ಚಿಪ್ಪು ಬಿರುಕು ಬಿಟ್ಟ ಹಾಗೆ ಚರಕ್ ಅನ್ನುತ್ತೆ, ಒಮ್ಮೆ ಕೈಗೆ ಗೊತ್ತಾದ್ರೆ ಮರೆಯಲ್ಲ ಅದು. ಸುಮ್ಮನೆ ಕೆರೆದು ತೆಗೆದ್ರೆ ತುಂಬಾ ಸಲ ವಾಪಸ್ ಬರುತ್ತೆ, ಹಾಗಾಗಿ ದೊಡ್ಡದಾಗಿದ್ರೆ ಸುತ್ತಲಿನ ಒಳ್ಳೆ ಮೂಳೆ ಸೇರಿಸಿ ದವಡೆಯ ತುಂಡನ್ನೇ ತೆಗೀಬೇಕು, ಕಾಲಿನ ಮೂಳೆ ತಂದು ಜೋಡಿಸಬೇಕು. ಅಷ್ಟು ದೊಡ್ಡ ಆಪರೇಷನ್ನಿಗೆ ಅನುಕೂಲ ಇಲ್ಲದ ಕಡೆ ಮನುಷ್ಯ ಆ ಮುಖ ಹೊತ್ತುಕೊಂಡೇ ಬದುಕಬೇಕು. ಈ ಲೆಕ್ಕಾಚಾರದ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳೋದು ಇದಕ್ಕೇ.

ಸರಿ, ಲೆಕ್ಕ ನೋಡಿ. 1978ರಲ್ಲಿ ಅಮೆರಿಕದ ಮಿಶಿಗನ್‌ನಿಂದ 706 ಟ್ಯೂಮರ್‌ಗಳ ವರದಿ ಬಂತು, ಒಡಾಂಟೋಮ ನೂರಕ್ಕೆ 65ರ ಸುಮಾರು, ಅಮೆಲೋಬ್ಲಾಸ್ಟೋಮ ಬರೀ 11. ಚೀನಾದಿಂದ 1998ರಲ್ಲಿ 759 ಕೇಸು, ಅಲ್ಲಿ ಅಮೆಲೋಬ್ಲಾಸ್ಟೋಮ ನೂರಕ್ಕೆ 59ರ ಹತ್ರ. ನೈಜೀರಿಯಾದ ಲಾಗೋಸ್‌ನಿಂದ 2005ರಲ್ಲಿ 319 ಕೇಸು, ಅಮೆಲೋಬ್ಲಾಸ್ಟೋಮ ನೂರಕ್ಕೆ 63. ಮೆಕ್ಸಿಕೋದ 1997ರ ವರದಿ ಎರಡರ ಮಧ್ಯೆ, ಒಡಾಂಟೋಮ ನೂರಕ್ಕೆ 35, ಅಮೆಲೋಬ್ಲಾಸ್ಟೋಮ 24. ಇದನ್ನ ಪಕ್ಕಪಕ್ಕ ಇಟ್ಟು ನೋಡಿದ ಯಾರಿಗಾದ್ರೂ ಮೊದಲು ಬರೋ ಯೋಚನೆ, ಓಹೋ ಆಫ್ರಿಕಾದವರಿಗೆ, ಏಷ್ಯಾದವರಿಗೆ ಈ ಗೆಡ್ಡೆ ರಕ್ತದಲ್ಲೇ ಇದೆ ಅಂತ. ಪಾಠದಲ್ಲೂ ಹಾಗೇ ಹೇಳಿಕೊಟ್ಟುಬಿಡ್ತಾರೆ, ಪರೀಕ್ಷೆಯಲ್ಲಿ ಬರೆದ್ರೆ ಮಾರ್ಕ್ಸೂ ಬರುತ್ತೆ.

ಸ್ವಲ್ಪ ತಡೀರಿ. ಈ ನೂರಕ್ಕೆ ಅನ್ನೋದು ಯಾವ ನೂರು? ಊರಲ್ಲಿರೋ ಜನರ ನೂರಲ್ಲ, ಲ್ಯಾಬಿಗೆ ಬಂದ ಬಾಟಲಿಗಳ ನೂರು. ಒಡಾಂಟೋಮ ಹೇಗೆ ಸಿಗುತ್ತೆ ಯೋಚನೆ ಮಾಡಿ. ಮಗುಗೆ ಶಾಶ್ವತ ಹಲ್ಲು ಬರೋದು ತಡ ಆಯ್ತು ಅಂತಲೋ, ಹಲ್ಲಿಗೆ ಕ್ಲಿಪ್ ಹಾಕಿಸೋಕೆ ಅಂತಲೋ ಡೆಂಟಿಸ್ಟ್ ಹತ್ರ ಹೋಗ್ತಾರೆ, ಎಕ್ಸ್‌ರೇ ತೆಗೀತಾರೆ, ಅದರಲ್ಲಿ ಬೆಳ್ಳಗೆ ಒಂದು ಗಂಟು ಕಾಣುತ್ತೆ. ಎಕ್ಸ್‌ರೇ ತೆಗೀದೇ ಇದ್ರೆ ಅದು ಇದ್ದದ್ದೇ ಗೊತ್ತಾಗಲ್ಲ, ಎಷ್ಟೋ ಜನ ಅದನ್ನ ದವಡೆಯಲ್ಲಿ ಇಟ್ಟುಕೊಂಡೇ ಮುದುಕರಾಗ್ತಾರೆ. ಅಮೆಲೋಬ್ಲಾಸ್ಟೋಮ ಹಾಗಲ್ಲ, ಅದು ಮುಖ ಉಬ್ಬಿಸುತ್ತೆ, ಇವತ್ತಲ್ಲ ನಾಳೆ ಆಸ್ಪತ್ರೆಗೆ ಬರಲೇಬೇಕು. ಅಂದಮೇಲೆ ಎಕ್ಸ್‌ರೇ ಸುಲಭಕ್ಕೆ ಸಿಗೋ ದೇಶದ ಲ್ಯಾಬಲ್ಲಿ ಎರಡೂ ಕಾಣುತ್ತೆ, ಸಿಗದ ದೇಶದ ಲ್ಯಾಬಲ್ಲಿ ಉಬ್ಬಿದ್ದು ಮಾತ್ರ ಕಾಣುತ್ತೆ.

ಬೋರ್ಡ್ ಮೇಲೆ ಹಾಕಿ ತೋರಿಸಿದ ಲೆಕ್ಕ ಇಲ್ಲೂ ಹಾಕ್ತೀನಿ, ಇದು ಅರ್ಥ ಆಗಲಿ ಅಂತ ನಾನೇ ಕಟ್ಟಿದ ಲೆಕ್ಕ, ಯಾವ ಊರಿಂದೂ ಅಲ್ಲ. ಎರಡು ಊರು, ಜನಸಂಖ್ಯೆ ಒಂದೇ, ಎರಡರಲ್ಲೂ ಹತ್ತು ವರ್ಷಕ್ಕೆ ಸರಿಯಾಗಿ 10 ಅಮೆಲೋಬ್ಲಾಸ್ಟೋಮ, ಬೇರೆ ಟ್ಯೂಮರ್‌ಗಳು 20. ಮೊದಲನೇ ಊರಲ್ಲಿ 60 ಒಡಾಂಟೋಮ ಕಂಡುಹಿಡಿದ್ರು, ಒಟ್ಟು 90, ಅಮೆಲೋಬ್ಲಾಸ್ಟೋಮದ ಪಾಲು ನೂರಕ್ಕೆ 11. ಎರಡನೇ ಊರಲ್ಲಿ ಒಡಾಂಟೋಮ ಸಿಕ್ಕಿದ್ದು ಬರೀ 5, ಒಟ್ಟು 35, ಪಾಲು 29 ಆಗೋಯ್ತು. ಗೆಡ್ಡೆ ಒಂದೂ ಜಾಸ್ತಿ ಆಗಿಲ್ಲ, ರೋಗದ ಸ್ವಭಾವ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದ್ರೂ ಪೇಪರಲ್ಲಿ ಎರಡನೇ ಊರವರಿಗೆ ಎರಡೂವರೆ ಪಟ್ಟು ಜಾಸ್ತಿ ಇದ್ದ ಹಾಗೆ ಕಾಣುತ್ತೆ.

ಆದ್ರೆ ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ ಇಷ್ಟಕ್ಕೇ ಎಲ್ಲ ಮುಗಿಯಲ್ಲ, ನನ್ನ ಲೆಕ್ಕದ 29 ಎಲ್ಲಿ, ಲಾಗೋಸ್‌ನ 63 ಎಲ್ಲಿ. ಕಾಣದೇ ಹೋದ ಒಡಾಂಟೋಮಗಳ ತಲೆ ಮೇಲೇ ಎಲ್ಲ ಹಾಕಿಬಿಟ್ರೆ ಅದೂ ತಪ್ಪಾಗುತ್ತೆ. ಇದಕ್ಕೆ ಬೇಕಿರೋದು ಜನಸಂಖ್ಯೆಯನ್ನ ಕೆಳಗಿಟ್ಟು ಭಾಗಿಸಿದ ಲೆಕ್ಕ, ಅದು ದವಡೆ ಗೆಡ್ಡೆಗಳಲ್ಲಿ ತುಂಬಾ ಅಪರೂಪ. ಅಂಥದ್ದೊಂದನ್ನ ದಕ್ಷಿಣ ಆಫ್ರಿಕಾದಲ್ಲಿ ಮರ್ವಿನ್ ಶಿಯರ್ ಮತ್ತು ಸಿಂಗ್ ಮಾಡಿದ್ರು, ವಿಟ್‌ವಾಟರ್ಸ್‌ರ‍್ಯಾಂಡ್, ಅಂದ್ರೆ ಜೊಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿ ಪ್ರದೇಶ, 1965ರಿಂದ 1974ರವರೆಗಿನ ಕೇಸುಗಳು, 1978ರಲ್ಲಿ ಪ್ರಕಟ ಆಯ್ತು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ, ವರ್ಷಕ್ಕೆ ಹತ್ತು ಲಕ್ಷ ಜನಕ್ಕೆ ಎಷ್ಟು ಅಮೆಲೋಬ್ಲಾಸ್ಟೋಮ ಅಂತ ನೋಡಿದ್ರೆ ಕಪ್ಪು ಗಂಡಸರಲ್ಲಿ 1.96, ಕಪ್ಪು ಹೆಂಗಸರಲ್ಲಿ 1.20, ಬಿಳಿ ಗಂಡಸರಲ್ಲಿ 0.18, ಬಿಳಿ ಹೆಂಗಸರಲ್ಲಿ 0.44. ಅದೇ ಡೆಂಟಿಜೆರಸ್ ಸಿಸ್ಟ್ ತಗೊಂಡ್ರೆ ತಿರುವು ಮುರುವು, ಬಿಳಿಯರಲ್ಲೇ ಹಲವು ಪಟ್ಟು ಜಾಸ್ತಿ.

ನನಗೆ ಈ ಪೇಪರ್ ಮೇಲೆ ತುಂಬಾ ಗೌರವ. ಯಾಕೆ ಅಂದ್ರೆ ಅದು ವರ್ಣಭೇದ ನೀತಿಯ ಕಾಲ, ಆಸ್ಪತ್ರೆಗಳೂ ಬೇರೆ ಬೇರೆ, ಕಪ್ಪು ಜನಕ್ಕೆ ಹಲ್ಲಿನ ಆರೈಕೆ ಸಿಗ್ತಿದ್ದದ್ದು ತೀರಾ ಕಡಿಮೆ. ತಪ್ಪಿಸಿಕೊಂಡ ಕೇಸುಗಳು ಇದ್ರೆ ಅದು ಕಪ್ಪು ಜನರ ಕಡೆಯೇ ಜಾಸ್ತಿ ಇರಬೇಕು, ಅಂದ್ರೆ ಅವರ ಅಂಕಿ ಇಳೀಬೇಕಿತ್ತು. ಅಷ್ಟಾದ್ರೂ ಅಮೆಲೋಬ್ಲಾಸ್ಟೋಮ ಅವರಲ್ಲೇ ಜಾಸ್ತಿ ಬಂತು. ಹಾಗಾಗಿ ಇಲ್ಲಿ ನಿಜವಾದ ವ್ಯತ್ಯಾಸ ಇದೆ ಅಂತಲೇ ನನ್ನ ಅಭಿಪ್ರಾಯ. ಡೆಂಟಿಜೆರಸ್ ಸಿಸ್ಟಿನ ಅಂಕಿಯನ್ನ ಮಾತ್ರ ನಾನು ಅಷ್ಟು ನಂಬಲ್ಲ, ನೋವಿಲ್ಲದೆ ಎಕ್ಸ್‌ರೇಯಲ್ಲಿ ಸಿಗೋ ಸಿಸ್ಟ್ ಅದು, ಎಕ್ಸ್‌ರೇ ಯಾರಿಗೆ ಜಾಸ್ತಿ ತೆಗೀತಿದ್ರು ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ ತಾನೇ.

ವಯಸ್ಸಿನ ವಿಷಯದಲ್ಲೂ ಇದೇ ಥರ ಒಂದು ಗುಂಡಿ ಇದೆ. 1995ರಲ್ಲಿ ರೈಕಾರ್ಟ್ ಮತ್ತು ಜೊತೆಗಾರರು ಜಗತ್ತಿನ ಬೇರೆ ಬೇರೆ ಕಡೆ ಪ್ರಕಟ ಆಗಿದ್ದ 3677 ಅಮೆಲೋಬ್ಲಾಸ್ಟೋಮ ಕೇಸು ಒಟ್ಟು ಹಾಕಿದ್ರು, ಕೈಗಾರಿಕೆ ಬೆಳೆದ ದೇಶಗಳಲ್ಲಿ ರೋಗಿಯ ಸರಾಸರಿ ವಯಸ್ಸು 39, ಬೆಳೀತಿರೋ ದೇಶಗಳಲ್ಲಿ 28ರ ಹತ್ರ. ಹನ್ನೊಂದು ವರ್ಷ ವ್ಯತ್ಯಾಸ! ಬಡ ದೇಶದಲ್ಲಿ ಗೆಡ್ಡೆ ಬೇಗ ಬರುತ್ತೆ ಅಂತ ಅನ್ಸುತ್ತಲ್ವಾ, ಆದ್ರೆ ಆ ದೇಶಗಳಲ್ಲಿ ಜನರೇ ಚಿಕ್ಕ ವಯಸ್ಸಿನವರು, ಅರವತ್ತು ದಾಟಿದವರೇ ಕಡಿಮೆ ಇದ್ದ ಕಡೆ ಅರವತ್ತು ದಾಟಿದ ರೋಗಿ ಎಲ್ಲಿಂದ ಬರಬೇಕು.

ಇನ್ನೊಂದು ವಿಷಯ ಬೇಗ ಹೇಳಿ ಮುಂದೆ ಹೋಗ್ತೀನಿ, ಹೆಸರು ಬದಲಾಯಿಸಿದ್ರೆ ಲೆಕ್ಕವೇ ತಲೆಕೆಳಗಾಗೋದು. ಕೆರಾಟೊಸಿಸ್ಟ್ ಅಂದ್ನಲ್ಲ, 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದನ್ನ ಟ್ಯೂಮರ್ ಅಂತ ಕರೀತು, 2017ರಲ್ಲಿ ವಾಪಸ್ ಸಿಸ್ಟ್ ಮಾಡ್ತು. ಆ ಹನ್ನೆರಡು ವರ್ಷದಲ್ಲಿ ಬಂದ ಪೇಪರ್‌ಗಳಲ್ಲಿ ಎಷ್ಟೋ ಕಡೆ ಅದೇ ನಂಬರ್ ಒನ್ ಟ್ಯೂಮರ್ ಆಗಿ ಕೂತಿದೆ. ಮೈಕ್ರೋಸ್ಕೋಪ್ ಕೆಳಗಿನ ಸ್ಲೈಡು ಅದೇ, ಕೋಶಗಳು ಅವೇ, ಬೀರುವಿನ ಖಾನೆ ಮಾತ್ರ ಬೇರೆ. ಹಾಗಾಗಿ ಎರಡು ದೇಶದ ಅಂಕಿ ಹೋಲಿಸುವಾಗ ಮೊದಲು ಆ ಪೇಪರ್ ಯಾವ ವರ್ಷದ್ದು ನೋಡಿ.

ಹಾಗಾದ್ರೆ ಜನರ ಮಧ್ಯೆ ನಿಜಕ್ಕೂ ವ್ಯತ್ಯಾಸ ಇದ್ದಾಗ ಅದನ್ನ ಹೇಗೆ ಹಿಡೀಬೇಕು? ಇದಕ್ಕೆ ನಾನು ಯಾವಾಗ್ಲೂ ಹೇಳೋದು ಉಗಾಂಡಾದ ಕಥೆ, ಎಷ್ಟು ಸಲ ಹೇಳಿದ್ರೂ ನನಗೆ ಮೈ ಜುಮ್ ಅನ್ನುತ್ತೆ. 1957, ಕಂಪಾಲಾದ ಮುಲಾಗೋ ಆಸ್ಪತ್ರೆ, ಡೆನಿಸ್ ಬರ್ಕಿಟ್ ಅನ್ನೋ ಸರ್ಜನ್‌ಗೆ ಇನ್ನೊಬ್ಬ ಡಾಕ್ಟರು ಒಂದು ಪುಟ್ಟ ಹುಡುಗನ್ನ ತೋರಿಸಿದ್ರು, ದವಡೆಯ ನಾಲ್ಕೂ ಮೂಲೆ ಊದಿತ್ತು, ಮೇಲೆ ಎರಡು ಕಡೆ, ಕೆಳಗೆ ಎರಡು ಕಡೆ. ಸೋಂಕು ಅನ್ನೋಣ ಅಂದ್ರೆ ನಾಲ್ಕೂ ಕಡೆ ಒಟ್ಟಿಗೆ ಹೇಗೆ, ಗೆಡ್ಡೆ ಅಂದ್ರೂ ಅದೇ ಪ್ರಶ್ನೆ. ಕೆಲವೇ ವಾರ ಆದ್ಮೇಲೆ ಜಿಂಜಾ ಅನ್ನೋ ಊರಲ್ಲಿ ಕಿಟಕಿ ಆಚೆ ನೋಡಿದ್ರೆ ಅಂಥದ್ದೇ ಮುಖದ ಇನ್ನೊಂದು ಮಗು, ಆ ಮಗುಗೆ ಹೊಟ್ಟೆಯಲ್ಲೂ ಗೆಡ್ಡೆ. 1958ರಲ್ಲಿ ಬರ್ಕಿಟ್ ಪೇಪರ್ ಬರೆದ್ರು, ಈ ಗೆಡ್ಡೆಗೇ ಇವತ್ತು ಬರ್ಕಿಟ್ ಲಿಂಫೋಮ ಅಂತೀವಿ, ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್ ಅದು. ಅಲ್ಲಿಗೇ ಬಿಡಲಿಲ್ಲ, ಆಫ್ರಿಕಾದ ಆಸ್ಪತ್ರೆಗಳಿಗೆಲ್ಲ ಮಕ್ಕಳ ಫೋಟೋ ಸಮೇತ ಪತ್ರ ಕಳಿಸಿದ್ರು, ಇಂಥ ಮಗುನ ನೋಡಿದೀರಾ ಅಂತ. ಬಂದ ಉತ್ತರಗಳನ್ನ ಮ್ಯಾಪ್ ಮೇಲೆ ಗುರುತು ಮಾಡಿದ್ರೆ ಖಂಡದ ನಡುವೆ ಅಡ್ಡಕ್ಕೆ ಬೆಲ್ಟ್ ಥರ ಒಂದು ಪಟ್ಟಿ. ಪಟ್ಟಿಯ ಅಂಚು ಎಲ್ಲಿ ಅಂತ ನೋಡೋಕೆ 1961ರಲ್ಲಿ ಇನ್ನಿಬ್ಬರು ಡಾಕ್ಟರ್ ಜೊತೆ ಹಳೇ ಕಾರಲ್ಲಿ ಹತ್ತು ಸಾವಿರ ಮೈಲಿ ಹೋದ್ರು, ಆಸ್ಪತ್ರೆಯಿಂದ ಆಸ್ಪತ್ರೆಗೆ, ಅದೇ ಫೋಟೋ ಹಿಡ್ಕೊಂಡು.

ಸಿಕ್ಕಿದ್ದು ಏನು ಅಂದ್ರೆ, ಸಮಭಾಜಕದ ಹತ್ರ ಸುಮಾರು 5000 ಅಡಿಗಿಂತ ಎತ್ತರದ ಜಾಗದಲ್ಲಿ ಈ ಗೆಡ್ಡೆ ಇಲ್ಲ, ಚಳಿ ಇರೋ ಕಡೆ ಇಲ್ಲ, ಮಳೆ ತೀರಾ ಕಡಿಮೆ ಇರೋ ಕಡೆ ಇಲ್ಲ. ಬೆಟ್ಟದ ಮೇಲಿದ್ರೂ ಕೆಳಗಿದ್ರೂ ಜನ ಜನವೇ, ಬದಲಾಗಿದ್ದು ಗಾಳಿ, ನೀರು, ಸೊಳ್ಳೆ. ಮಲೇರಿಯಾ ವರ್ಷಪೂರ್ತಿ ಕಾಡೋ ಜಾಗದ ಮ್ಯಾಪು, ಈ ಗೆಡ್ಡೆ ಮ್ಯಾಪು ಒಂದರ ಮೇಲೊಂದು ಕೂರುತ್ತೆ. 1964ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಆ ಗೆಡ್ಡೆಯ ಕೋಶಗಳಲ್ಲೇ ಹೊಸ ವೈರಸ್ ಕಂಡುಹಿಡಿದ್ರು, ಅದೇ ಎಪ್‌ಸ್ಟೈನ್ ಬಾರ್ ವೈರಸ್. ಆ ವೈರಸ್ ಜಗತ್ತಿನ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ತಗುಲಿದೆ, ಆದ್ರೆ ಚಿಕ್ಕ ವಯಸ್ಸಲ್ಲೇ ವೈರಸ್ಸೂ ತಗುಲಿ ಮಲೇರಿಯಾನೂ ಪದೇಪದೇ ಹಿಂಡೋ ಮಕ್ಕಳಲ್ಲಿ ಮಾತ್ರ ಈ ಗೆಡ್ಡೆ ಇಷ್ಟು ಜಾಸ್ತಿ. ಆಫ್ರಿಕಾದಿಂದ ಎಷ್ಟೋ ದೂರದ ಪಪುವಾ ನ್ಯೂಗಿನಿಯಲ್ಲೂ ಇದು ಇದೆ, ಅಲ್ಲೂ ಅದೇ ಮಲೇರಿಯಾ. ಬೇರೆ ದೇಶಗಳಲ್ಲಿ ಇದೇ ಬರ್ಕಿಟ್ ಲಿಂಫೋಮ ಬಂದಾಗ ಸಾಮಾನ್ಯವಾಗಿ ಹೊಟ್ಟೆಯಲ್ಲಿ ಬರುತ್ತೆ, ದವಡೆಯಲ್ಲಿ ಕಡಿಮೆ. ಬರ್ಕಿಟ್ ಅವತ್ತು ಆಫ್ರಿಕಾದ ಮಕ್ಕಳ ರೋಗ ಅಂತ ಬರೆದು ಕೈ ತೊಳ್ಕೊಂಡಿದ್ರೆ ಇದ್ಯಾವುದೂ ಗೊತ್ತಾಗ್ತಿರಲಿಲ್ಲ.

ಜನಾಂಗದ ವ್ಯತ್ಯಾಸ ಗೊತ್ತಿರೋದು ರೋಗಿಗೆ ನೇರವಾಗಿ ಉಪಯೋಗಕ್ಕೆ ಬರೋ ಒಂದು ಜಾಗ ಇದೆ, ಇದನ್ನ ಡೆಂಟಿಸ್ಟ್‌ಗಳು ದಯವಿಟ್ಟು ಕೇಳಿಸಿಕೊಳ್ಳಿ. ಸಿಮೆಂಟೊ-ಆಸಿಯಸ್ ಡಿಸ್ಪ್ಲೇಸಿಯಾ. ಟ್ಯೂಮರ್ ಅಲ್ಲ, ಸಿಸ್ಟೂ ಅಲ್ಲ, ಹಲ್ಲಿನ ಬೇರಿನ ಕೆಳಗೆ ಮೂಳೆ ತನ್ನ ಪಾಡಿಗೆ ತಾನು ಬದಲಾಗೋದು, ಆಫ್ರಿಕನ್ ಮೂಲದ ಮಧ್ಯವಯಸ್ಸಿನ ಹೆಂಗಸರಲ್ಲಿ ಅತಿ ಹೆಚ್ಚು, ಪೂರ್ವ ಏಷ್ಯಾದವರಲ್ಲೂ ಕಾಣುತ್ತೆ. ಶುರುವಲ್ಲಿ ಎಕ್ಸ್‌ರೇಯಲ್ಲಿ ಕೆಳಗಿನ ಮುಂದಿನ ಹಲ್ಲುಗಳ ಬೇರಿನ ತುದಿಗೆ ಕಪ್ಪು ನೆರಳು ಬರುತ್ತೆ, ಥೇಟ್ ರ‍್ಯಾಡಿಕ್ಯುಲರ್ ಸಿಸ್ಟ್ ಥರ. ಅದನ್ನ ನೋಡಿ ರೂಟ್ ಕೆನಾಲ್ ಮಾಡಿಬಿಡ್ತಾರೆ, ಒಂದಲ್ಲ, ಮೂರು ನಾಲ್ಕು ಹಲ್ಲಿಗೆ, ಜೀವ ಇರೋ ಒಳ್ಳೇ ಹಲ್ಲುಗಳಿಗೆ! ತಣ್ಣಗಿರೋದನ್ನ ಹಲ್ಲಿಗೆ ಮುಟ್ಟಿಸಿ ನೋಡಿ, ಜುಮ್ ಅಂದ್ರೆ ಹಲ್ಲು ಬದುಕಿದೆ, ಬದುಕಿರೋ ಹಲ್ಲಿನ ಬೇರಿಗೆ ರ‍್ಯಾಡಿಕ್ಯುಲರ್ ಸಿಸ್ಟ್ ಬರಲ್ಲ. ಒಂದು ನಿಮಿಷದ ಟೆಸ್ಟು. ಈ ರೋಗ ಜಾಸ್ತಿ ಆದವರಲ್ಲಿ ಆ ಮೂಳೆಗೆ ರಕ್ತ ಓಡಾಟ ಕಡಿಮೆ, ಸುಮ್ಮನೆ ಬಯಾಪ್ಸಿ ಮಾಡಿದ್ರೆ, ಹಲ್ಲು ಕಿತ್ರೆ ಸೋಂಕು ಹಿಡಿದು ತಿಂಗಳುಗಟ್ಟಲೆ ಕೀವು ಸುರಿಯುತ್ತೆ. ಬಾಟಲಿ ನನ್ನ ಹತ್ರ ಬರಲೇಬಾರದು ಅಂತ ನಾನು ಬಯಸೋ ರೋಗ ಇದೊಂದೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು. ಹಿಂದಿನ ಸಾಲಿಂದ ಒಬ್ಬರು ಹಿರಿಯರು ಎದ್ದು ಕೇಳಿದ್ರು, "ಅಮ್ಮಾ, ಇದೆಲ್ಲ ಕೇಳಿ ಭಯ ಆಗ್ತಿದೆ, ಈ ಅಮೆಲೋಬ್ಲಾಸ್ಟೋಮ ಎಷ್ಟು ಜನಕ್ಕೆ ಬರುತ್ತೆ?" ಭಯ ಬೇಡ. ಜಗತ್ತಿನ ಲೆಕ್ಕ ಒಟ್ಟು ಮಾಡಿ ನೋಡಿದ ಅಂದಾಜು ವರ್ಷಕ್ಕೆ ಹತ್ತು ಲಕ್ಷ ಜನಕ್ಕೆ 0.92, ಅಂದ್ರೆ ಹತ್ತು ಲಕ್ಷ ಜನ ಇರೋ ಊರಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ ಒಬ್ಬರಿಗೆ. ಆದ್ರೆ ದವಡೆ ಒಂದು ಕಡೆ ನೋವಿಲ್ಲದೆ ದಪ್ಪ ಆಗ್ತಾ ಬಂದ್ರೆ, ಹಲ್ಲು ಕಾರಣ ಇಲ್ಲದೆ ಅಲುಗಾಡಿದ್ರೆ, ಹಲ್ಲಿನ ಸೆಟ್ ಇದ್ದಕ್ಕಿದ್ದ ಹಾಗೆ ಹೊಂದದೇ ಇದ್ರೆ ತೋರಿಸಿ, ನೋವಿಲ್ವಲ್ಲ ಅಂತ ಸುಮ್ಮನಿರಬೇಡಿ.

ಇನ್ನೊಬ್ಬರು ಕೇಳಿದ್ದು ಜೀನ್ ಬಗ್ಗೆ. 2014ರಲ್ಲಿ ಗೊತ್ತಾಯ್ತು, ಕೆಳದವಡೆಯ ಅಮೆಲೋಬ್ಲಾಸ್ಟೋಮಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಬಿ-ರ‍್ಯಾಫ್ ಅನ್ನೋ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿರುತ್ತೆ, ಮೇಲ್ದವಡೆಯಲ್ಲಿ ಜಾಸ್ತಿ ಸಿಗೋದು ಬೇರೆ ಜೀನಿನ ತಪ್ಪು. ಈ ತಪ್ಪು ಅಪ್ಪ ಅಮ್ಮನಿಂದ ಬಂದಿದ್ದಲ್ಲ, ಆ ಗೆಡ್ಡೆಯೊಳಗೇ ಹುಟ್ಟಿದ್ದು, ಖಂಡ ಬದಲಾದ್ರೂ ಅದೇ ತಪ್ಪು ಸಿಗುತ್ತೆ. ಚರ್ಮದ ಮೆಲನೋಮ ಕ್ಯಾನ್ಸರಿಗೆ ಕೊಡೋ ಇದೇ ಜೀನಿನ ಮಾತ್ರೆ ಕೊಟ್ಟು ಗೆಡ್ಡೆ ಕುಗ್ಗಿಸಿದ ಕೇಸುಗಳೂ ಇವೆ, ದವಡೆ ಉಳಿಸೋಕೆ ಇದೊಂದು ದಾರಿ ಆಗಬಹುದು ಅಂತ ನನಗೆ ತುಂಬಾ ಆಸೆ.

ಕೊನೆಗೆ ಒಬ್ಬ ಸ್ಟೂಡೆಂಟ್, ಬಾಗಿಲ ಹತ್ರ ನಿಲ್ಲಿಸಿ ಕೇಳಿದ, "ಮೇಡಂ, ಒಡಾಂಟೋಮ ತೆಗೆದಾಗ ಅದು ಹಲ್ಲಿನ ಚೂರೇ ಅಂತ ಕಣ್ಣಿಗೇ ಕಾಣುತ್ತಲ್ಲ, ನಮ್ಮ ಸೀನಿಯರ್ಸ್ ಡಸ್ಟ್‌ಬಿನ್‌ಗೆ ಹಾಕ್ತಾರೆ, ಲ್ಯಾಬಿಗೆ ಕಳಿಸ್ಲೇಬೇಕಾ?" ಕಳಿಸಪ್ಪ. ಆ ಚೂರುಗಳ ಸುತ್ತ ಮೆತ್ತಗಿನ ಒಂದು ಪದರ ಇರುತ್ತೆ, ಕೆಲವು ಸಲ ಅದರಲ್ಲೇ ಕ್ಯಾಲ್ಸಿಫೈಯಿಂಗ್ ಸಿಸ್ಟ್ ಅನ್ನೋ ಇನ್ನೊಂದು ಗೆಡ್ಡೆ ಕೂತಿರುತ್ತೆ, ಅದು ಕಣ್ಣಿಗೆ ಕಾಣಲ್ಲ. ಆಮೇಲೆ ನೀವು ಎಸೆದಿದ್ದು ನನ್ನ ಲೆಕ್ಕಕ್ಕೆ ಬರಲ್ಲ. ಗಟ್ಟಿ ಪದಾರ್ಥ, ಆಸಿಡ್ಡಲ್ಲಿ ಮೆತ್ತಗೆ ಮಾಡೋಕೆ ದಿನಗಟ್ಟಲೆ ಹಿಡಿಯುತ್ತೆ, ರಿಪೋರ್ಟ್ ತಡ ಆಗುತ್ತೆ, ಪರವಾಗಿಲ್ಲ. ಫಾರ್ಮಲ್ಲಿ ವಯಸ್ಸು, ದವಡೆಯ ಯಾವ ಜಾಗ, ಎಕ್ಸ್‌ರೇಯಲ್ಲಿ ಹೇಗೆ ಸಿಕ್ತು ಅನ್ನೋದನ್ನೂ ಬರೆದು ಕಳಿಸು.